ಎರಡು ಬಾರಿ ಸೀಲ್ ಹಾಕಿಸಿದರೂ ಆಯಿಲ್ ಸೋರುವುದೇಕೆ?

ಪ್ರಶ್ನೆ: ನಮ್ಮಲ್ಲಿ 1980ರ ದಶಕದ, ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಒಂದಿದೆ. ತಂದೆಯವರ ಕಾಲದಲ್ಲಿ ರಾಗಿ ಹೊಲ ಉಳುತ್ತಿದ್ದ ಈ ಗಾಡಿ ಈಗ ವರ್ತೂರು, ಗುಂಜೂರು ಭಾಗದ ಅಪಾರ್ಟ್‌ಮೆಂಟ್‌ಗಳಿಗೆ ನೀರಿನ ಟ್ಯಾಂಕರ್ ಎಳೆಯುತ್ತಿದೆ. ನೀರು ಬಿಡುವಾಗ ಪಂಪಿಗಾಗಿ ಇಂಜಿನ್ ಓಡುತ್ತಲೇ ಇರುತ್ತದೆ. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ, ತಳದಲ್ಲಿರುವ ಸಣ್ಣ ತೂತಿನಿಂದ ಕಪ್ಪು ಆಯಿಲ್ ತೊಟ್ಟಿಕ್ಕುತ್ತದೆ. ಎಂಟು ತಿಂಗಳಲ್ಲಿ ಎರಡು ಸಲ ಗಾಡಿ ಬಿಚ್ಚಿಸಿ ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಬದಲಿಸಿದ್ದೇನೆ. ಎರಡು ಸಲವೂ ಮೂರು ವಾರ ನಿಂತು ಮತ್ತೆ ಸೋರಲು ತೊಡಗಿತು. ಎರಡು ದಿನಕ್ಕೆ ಸುಮಾರು ಅರ್ಧ ಲೀಟರ್ ಆಯಿಲ್ ಹಾಕಬೇಕಾಗಿದೆ. ಕಡಿಮೆ ಬೀಳದಿರಲೆಂದು ಗೆರೆಗಿಂತ ಸ್ವಲ್ಪ ಮೇಲೆಯೇ ಹಾಕುತ್ತೇನೆ. ನೆಲದ ಟೈಲ್ಸ್ ಕೊಳೆಯಾಗುತ್ತದೆಂದು ಎರಡು ಕಡೆ ಗೇಟಿನೊಳಗೇ ಬಿಡುತ್ತಿಲ್ಲ. ಮೆಕ್ಯಾನಿಕ್ ಈಗ ‘ಹಾಫ್ ಇಂಜಿನ್ ಮಾಡಿಸಿಬಿಡಿ’ ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ವರ್ತೂರು

ಉತ್ತರ: ಮೂರನೆಯ ಸೀಲನ್ನು ಈಗಲೇ ಕೊಳ್ಳಬೇಡಿ, ಹಾಫ್ ಇಂಜಿನ್ ಕೆಲಸಕ್ಕೂ (ಪಿಸ್ಟನ್ ರಿಂಗುಗಳನ್ನೂ ಪಿಸ್ಟನ್ ಓಡಾಡುವ ಕೊಳವೆಗಳಾದ ಲೈನರುಗಳನ್ನೂ ಬದಲಿಸುವ ಕೆಲಸ) ಈಗಲೇ ಒಪ್ಪಬೇಡಿ. ಒಂದೇ ಜಾಗದಲ್ಲಿ ಎರಡು ಹೊಸ ಸೀಲ್‌ಗಳು ಮೂರು ಮೂರು ವಾರಕ್ಕೆ ಸೋತಿವೆ ಎಂದರೆ ತಪ್ಪು ಸೀಲಿನದಲ್ಲ ಎಂದೇ ಮೊದಲು ಅನುಮಾನಿಸಬೇಕು. ಆಯಿಲ್ ಮೇಲೆಲ್ಲಿಂದಲೋ ಇಳಿದು ಆ ತೂತಿಗೆ ಬರುತ್ತಿರಬಹುದು. ಇಂಜಿನ್ನಿನ ಒಳಗೆ ಕಟ್ಟಿಕೊಂಡ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತಿರಬಹುದು. ಇಲ್ಲವೇ ಸೀಲ್ ಕೂರಿಸಿದ ಕ್ರಮದಲ್ಲೋ ಅದು ಹಿಡಿಯಬೇಕಾದ ಕ್ರ್ಯಾಂಕ್‌ಶಾಫ್ಟಿನಲ್ಲೋ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ದೋಷವಿರಬಹುದು. ಮೊದಲಿನ ಎರಡನ್ನು ಪರೀಕ್ಷಿಸಲು ಗಾಡಿಯನ್ನು ಬಿಚ್ಚಬೇಕಾಗಿಯೇ ಇಲ್ಲ. ಬಿಚ್ಚುವ ಕೂಲಿಯನ್ನು ಎರಡು ಸಲ ತೆತ್ತಿರುವ ನೀವು ಈ ಪರೀಕ್ಷೆಗಳಿಗೆ ಒಂದು ಭಾನುವಾರವನ್ನು ಕೊಡಬಹುದು.

ನೀವು ಹೇಳುವ ತೂತು ಕ್ಲಚ್ ಹೌಸಿಂಗಿನೊಳಗೆ ಆಯಿಲ್ ಸೇರಿದರೆ ಹೊರಗೆ ಹರಿದುಹೋಗಲೆಂದೇ ಬಿಟ್ಟಿರುವ ದಾರಿ. ಅದರಲ್ಲೊಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಗಾಡಿ ಅದುರುವಾಗ ಪಿನ್ ಕುಣಿಯುವುದರಿಂದ ಕೊಳೆ ಕಟ್ಟಿ ತೂತು ಮುಚ್ಚಿಹೋಗುವುದಿಲ್ಲ. ಗೇಟಿನವರ ಕಾಟ ತಾಳಲಾರದೆ ಅಲ್ಲಿಗೆ ಬೋಲ್ಟ್ ಜಡಿದವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಾಗುತ್ತದೆ ಅಷ್ಟೆ. ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟ್ ನೆನೆದು, ತುಂಬಿದ ಟ್ಯಾಂಕರ್ ಏರು ಹತ್ತುವಾಗ ಕ್ಲಚ್ ಜಾರತೊಡಗುತ್ತದೆ.

ಅದೇ ತೂತಿನಿಂದ ಗೇರ್‌ಬಾಕ್ಸಿನ ಮುಂದಿನ ಸೀಲಿನ ಆಯಿಲ್ ಕೂಡ ಇಳಿಯಬಲ್ಲದು. ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೊಂದು ಬಿಳಿಯ ಹಾಳೆಯನ್ನಿಟ್ಟು ಬೆಳಿಗ್ಗೆ ನೋಡಿ. ಇಂಜಿನ್ ಆಯಿಲ್ ಹೊಗೆಯ ಮಸಿ ಕುಡಿದು ಕಪ್ಪಾಗಿ, ತೆಳ್ಳಗಿರುತ್ತದೆ. ಗೇರ್ ಆಯಿಲ್ ಮಂದವಾಗಿದ್ದು ಜೇನಿನ ಬಣ್ಣದಿಂದ ಕಂದು ಬಣ್ಣದವರೆಗೆ ಇರುತ್ತದೆ. ನಿಮ್ಮದು ಕಪ್ಪು ಎಂದು ಬರೆದಿರುವುದರಿಂದ ಇಂಜಿನ್ನಿನದೇ ಎಂದು ಇಟ್ಟುಕೊಂಡು ಮುಂದುವರಿಯುತ್ತೇನೆ.

ಈಗ ಅದು ಹೊರಡುವ ಜಾಗವನ್ನು ಹುಡುಕಬೇಕು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೈನಮೋ, ಸ್ಟಾರ್ಟರ್‌ಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಇಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ಉಜ್ಜಿ, ಸೋಪಿನ ನೀರಿನಿಂದ ತೊಳೆದು ಒರೆಸಿ, ಬಿಸಿಲಿಗೆ ಒಣಗಲು ಬಿಡಿ. ಆಮೇಲೆ ಇಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚು, ಹೆಡ್ ಕೂಡುವ ಗೆರೆ, ಆಯಿಲ್ ಫಿಲ್ಟರಿನ ಸುತ್ತ, ಗೇಜಿಗೆ ಹೋಗುವ ಸಣ್ಣ ಪೈಪಿನ ಬುಡ, ಟೈಮಿಂಗ್ ಕವರ್, ಕೊನೆಗೆ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಅಂಚು, ಇಷ್ಟು ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ. (ಬೆಂಗಳೂರಿನಲ್ಲಿ ಸಂಪ್ ಎಂದರೆ ಎಲ್ಲರಿಗೂ ನೀರಿನದೇ ನೆನಪಾಗುವುದರಿಂದಲೋ ಏನೋ, ನಮ್ಮ ಮೆಕ್ಯಾನಿಕ್‌ಗಳು ಇದನ್ನು ಚೇಂಬರ್ ಎಂದು ಕರೆಯುತ್ತಾರೆ.) ಫ್ಯಾನಿಗೆ ಕೈಯಾಗಲಿ ಬಟ್ಟೆಯಾಗಲಿ ಸಿಗದಂತೆ ಎಚ್ಚರವಹಿಸಿ, ಇಂಜಿನ್ನನ್ನು ಕಾಲು ಗಂಟೆ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಆಯಿಲ್ ಕೆಳಗೆ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಪೌಡರ್ ಒದ್ದೆಯಾದ ಜಾಗವೇ ಮೂಲ, ಉಳಿದವು ಹರಿದು ಬಂದ ಗುರುತುಗಳು.

ಟ್ಯಾಪೆಟ್ ಕವರಿನ ಹಿಂದಿನ ಮೂಲೆಯನ್ನು ವಿಶೇಷವಾಗಿ ನೋಡಿ. ಅಲ್ಲಿ ಒಸರುವ ಆಯಿಲ್ ಬ್ಲಾಕಿನ ಬೆನ್ನಿನ ಮೇಲೆ ಇಳಿದು, ಕ್ಲಚ್ ಹೌಸಿಂಗ್ ಕೂಡುವ ಸಂದಿನಲ್ಲಿ ಒಳಸೇರಿ, ಕೊನೆಗೆ ಅದೇ ತೂತಿನಿಂದ ತೊಟ್ಟಿಕ್ಕಿ, ಹಿಂದಿನ ಸೀಲಿನ ಮೇಲೆ ಅಪವಾದ ಹೊರಿಸುತ್ತದೆ. ಅದರ ಪ್ಯಾಕಿಂಗ್ ಕಾರ್ಕಿನದಾಗಿದ್ದರೆ, ಸೋರುತ್ತಿದೆಯೆಂದು ನಟ್ಟನ್ನು ಇನ್ನಷ್ಟು ಬಿಗಿದಷ್ಟೂ ಕಾರ್ಕ್ ಹಿಂಡಿಹೋಗಿ ತಗಡಿನ ಅಂಚು ಬಾಗುತ್ತದೆ; ಬಾಗಿದ ಅಂಚಿಗೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಪ್ರಯೋಜನವಿಲ್ಲ. ಕವರನ್ನು ಸಮತಟ್ಟಾದ ಹಲಗೆಯ ಮೇಲೆ ಬೋರಲಿಟ್ಟು ಅಂಚು ಎಲ್ಲೆಲ್ಲಿ ಎದ್ದಿದೆ ಎಂದು ನೋಡಿಕೊಂಡು, ಮರದ ಸುತ್ತಿಗೆಯಿಂದ ತಟ್ಟಿ ನೇರಮಾಡಿದ ಮೇಲೆ ಪ್ಯಾಕಿಂಗ್ ಕೂರಿಸಬೇಕು.

ಎರಡನೆಯ ಪರೀಕ್ಷೆ ಬ್ರೀದರಿನದು, ನಿಮ್ಮ ಪತ್ರ ಓದಿದಾಗ ನನ್ನ ಅನುಮಾನ ಹೆಚ್ಚಾಗಿ ಹೋದದ್ದೂ ಇದರ ಮೇಲೆಯೇ. ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಉರಿದ ಅನಿಲ ಸ್ವಲ್ಪವಾದರೂ ಅವುಗಳ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಸಂಪಿನ ಕಡೆಗೆ ಇಳಿಯುತ್ತದೆ. ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಈ ಅನಿಲ ಹೊರಹೋಗಲು ಇರುವ ದಾರಿ ಬ್ರೀದರ್: ಹಳೆಯ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಕ್ಕದಲ್ಲಿ ಕೆಳಮುಖವಾಗಿ ಇಳಿಬಿಟ್ಟ ಒಂದು ಪೈಪ್, ಕೆಲವದರಲ್ಲಿ ಒಳಗೆ ತಂತಿಯ ಜಾಲರಿ. ಅದು ಕಟ್ಟಿಕೊಂಡರೆ ಅನಿಲಕ್ಕೆ ಉಳಿಯುವ ದಾರಿ ಸೀಲುಗಳೇ, ಹೋಗುವಾಗ ಅದು ಆಯಿಲನ್ನೂ ಜೊತೆಗೆ ಕರೆದೊಯ್ಯುತ್ತದೆ. ನಮ್ಮ ಸೀಮೆಯಲ್ಲಿ ಇದು ಕಟ್ಟಿಕೊಳ್ಳಲು ಕಾರಣಗಳಿಗೆ ಬರವಿಲ್ಲ. ಸುಗ್ಗಿಯಲ್ಲಿ ಕಣದ ಮೇಲೋ ರಸ್ತೆಯ ಮೇಲೋ ರಾಗಿ ತೆನೆ ಹರಡಿ ಅದರ ಮೇಲೆ ಟ್ರ್ಯಾಕ್ಟರನ್ನು ಸುತ್ತು ಹೊಡೆಸುವಾಗ ಏಳುವ ಹೊಟ್ಟು ಮತ್ತು ದೂಳು ಆಯಿಲಿನ ಆವಿಯೊಂದಿಗೆ ಸೇರಿ ಜಾಲರಿಯಲ್ಲಿ ಹೆಂಟೆಯಾಗುತ್ತದೆ. ಮಳೆಗಾಲದಲ್ಲಿ ನಿಂತಿದ್ದ ಗಾಡಿಯ ಪೈಪಿನೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದೂ ಉಂಟು. ಇದನ್ನು ಊಹಿಸಿ ಹೇಳುತ್ತಿಲ್ಲ. ಕೆಲಸ ಕಲಿತ ಹೊಸತರಲ್ಲಿ ನಾನೇ ಒಂದು ಗಾಡಿಯನ್ನು ಎರಡು ಭಾಗ ಮಾಡಿ ಸೀಲ್ ಹಾಕಿ ಕಳಿಸಿದ್ದೆ; ತಿಂಗಳೊಳಗೆ ಅದು ಮರಳಿ ಬಂದಾಗ ಹಿರಿಯ ಮೇಸ್ತ್ರಿಯೊಬ್ಬರು ಮಾತಾಡದೆ ಬ್ರೀದರಿನೊಳಗೆ ತಂತಿ ತೂರಿಸಿ ಮಣ್ಣಿನ ಗೂಡನ್ನು ಕೆಡವಿ ನನ್ನ ಅಂಗೈಗೆ ಹಾಕಿದರು. ಆ ಕೆಲಸದ ಕೂಲಿಯನ್ನು ನಾನು ಹಿಂತಿರುಗಿಸಬೇಕಾಯಿತು.

ಬ್ರೀದರನ್ನು ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಸಿ ತೊಳೆದು, ಬಾಯಿಯಿಂದ ಅಲ್ಲ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ ಮತ್ತೆ ಹಾಕಿ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆರೆದು ನೋಡಿ. ತೆಳುವಾದ ಆವಿ ಸುಮ್ಮನೆ ಏಳುತ್ತಿದ್ದರೆ ಆ ವಯಸ್ಸಿನ ಇಂಜಿನ್ನಿಗೆ ಅದು ಸಹಜ. ಸಡಿಲವಾಗಿ ಇಟ್ಟ ಮುಚ್ಚಳ ಕುಣಿಯುವಂತೆ ಬುಸುಬುಸು ಹೊಗೆ ನುಗ್ಗುತ್ತಿದ್ದು, ಆಕ್ಸಿಲರೇಟರ್ ಕೊಟ್ಟಾಗ ಅದು ಇನ್ನೂ ಹೆಚ್ಚಿದರೆ ರಿಂಗುಗಳೂ ಲೈನರುಗಳೂ ಸವೆದಿವೆ ಎಂದರ್ಥ. ಆಗ ನಿಮ್ಮ ಮೆಕ್ಯಾನಿಕ್ ಹೇಳುವ ಹಾಫ್ ಇಂಜಿನ್ ಕೆಲಸದಲ್ಲಿ ನ್ಯಾಯವಿದೆ. ಅಂಥ ಇಂಜಿನ್ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ. ಇವೆರಡನ್ನೂ ನೀವು ಪತ್ರದಲ್ಲಿ ಹೇಳಿಲ್ಲ. ಹೇಳಿರುವುದು ಪಂಪಿಗಾಗಿ ಇಂಜಿನ್ ಗಂಟೆಗಟ್ಟಲೆ ಹಗುರವಾಗಿ ಓಡುತ್ತಾ ನಿಲ್ಲುವ ವಿಚಾರ. ದುಡಿಮೆಯಿಲ್ಲದೆ ಬಹಳ ಹೊತ್ತು ಓಡುವ ಡೀಸೆಲ್ ಇಂಜಿನ್ನಿನ ಲೈನರುಗಳ ಒಳಮೈ ಗಾಜಿನಂತೆ ನುಣುಪಾಗಿ, ರಿಂಗುಗಳು ಸವೆಯದಿದ್ದರೂ ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಬಿಚ್ಚುವ ಮೊದಲು ಮೂರೂ ಸಿಲಿಂಡರುಗಳ ಕಂಪ್ರೆಷನ್ನನ್ನು ಗೇಜಿನಿಂದ ಅಳೆಯಿಸಿ. ಕಿವಿಯಿಂದ ಕೇಳಿ ತೀರ್ಪು ಕೊಡುವವರ ಮಾತಿನ ಮೇಲೆ ಇಷ್ಟು ದೊಡ್ಡ ಖರ್ಚಿಗೆ ಇಳಿಯಬಾರದು.

ಗೆರೆಗಿಂತ ಮೇಲೆ ಆಯಿಲ್ ಹಾಕುವ ಅಭ್ಯಾಸವನ್ನು ಇಂದೇ ಬಿಡಿ. ಮಟ್ಟ ಏರಿದಾಗ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಬರಿಸುತ್ತದೆ, ಆ ನೊರೆ ಸೀಲುಗಳ ಕಡೆಗೆ ಮತ್ತು ಬ್ರೀದರಿನ ಕಡೆಗೆ ನುಗ್ಗುತ್ತದೆ. ಸೋರುವುದೆಂದು ಹೆಚ್ಚು ಹಾಕುವುದು, ಹೆಚ್ಚು ಹಾಕಿದ್ದರಿಂದ ಇನ್ನಷ್ಟು ಸೋರುವುದು ನಡೆದೇ ಇರುತ್ತದೆ. ಸಮತಟ್ಟಾದ ನೆಲದಲ್ಲಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಎರಡು ಗೆರೆಗಳ ನಡುವೆ ಇದ್ದರೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ತೊಟ್ಟಿಕ್ಕುತ್ತಿದ್ದರೆ ಆಗ ಹಿಂದಿನ ಸೀಲಿಗೆ ಕೈಹಾಕಬೇಕು. ಮ್ಯಾಸಿ ಫರ್ಗ್ಯುಸನ್ 35, 135 ಮಾದರಿಗಳಲ್ಲಿ ಬಂದ ಪರ್ಕಿನ್ಸ್ 3.152 ಬಗೆಯ ಮೂರು ಸಿಲಿಂಡರಿನ ಇಂಜಿನ್ ನಿಮ್ಮದಾಗಿದ್ದರೆ, ಅದರ ಹಳೆಯ ವಿನ್ಯಾಸದಲ್ಲಿ ಹಿಂದೆ ಇರುವುದು ರಬ್ಬರಿನ ಸೀಲಲ್ಲ, ಎರಡು ಅರ್ಧಚಂದ್ರದಂಥ ಹೌಸಿಂಗಿನ ಕಾಲುವೆಯಲ್ಲಿ ಕೂರಿಸುವ ಹಗ್ಗದ ಸೀಲ್. ಇದನ್ನು ಕೂರಿಸುವುದರಲ್ಲೇ ಅರ್ಧ ವಿದ್ಯೆ ಅಡಗಿದೆ. ಹೌಸಿಂಗಿನ ಅರ್ಧವನ್ನು ಕಾಲುವೆ ಮೇಲಕ್ಕೆ ಬರುವಂತೆ ವೈಸಿನಲ್ಲಿ ಹಿಡಿದು, ಮೊದಲು ಹಗ್ಗದ ಎರಡೂ ತುದಿಗಳ ಸುಮಾರು 25 ಮಿ.ಮೀ. ಭಾಗವನ್ನು ಕೂರಿಸಬೇಕು, ಪ್ರತಿ ತುದಿಯೂ ಹೌಸಿಂಗಿನ ಮುಖಕ್ಕಿಂತ 0.25ರಿಂದ 0.50 ಮಿ.ಮೀ.ನಷ್ಟು ಹೊರಗೆ ಉಳಿದಿರಬೇಕು. ನಡುಭಾಗ ಉಬ್ಬಿಕೊಂಡಿದ್ದರೆ ಗಾಬರಿಯಾಗಬೇಡಿ, ಅದು ಹಾಗೆಯೇ ಇರಬೇಕು. ಆಮೇಲೆ ನಡುವಿನಿಂದ ಹೆಬ್ಬೆರಳಿನಲ್ಲಿ ಒತ್ತುತ್ತಾ ಬಂದು, ದುಂಡನೆಯ ನುಣುಪು ಸರಳನ್ನು ಒಳಮೈಯ ಮೇಲೆ ಉರುಳಿಸಿ ಹಗ್ಗವನ್ನು ಪೂರ್ತಿ ಕೂರಿಸಿ, ಶಾಫ್ಟಿಗೆ ತಾಗುವ ಮುಖಕ್ಕೆ ಗ್ರಾಫೈಟ್ ಗ್ರೀಸ್ ಸವರಬೇಕು. ನಮ್ಮ ಕಡೆ ಅನೇಕರು ನೋಡಲು ಚೊಕ್ಕಟವಾಗಿರಲಿ ಎಂದು ಹೊರಗುಳಿದ ಆ ತುದಿಗಳನ್ನು ಬ್ಲೇಡಿನಿಂದ ಸಮವಾಗಿ ಕೊಯ್ದುಬಿಡುತ್ತಾರೆ. ಎರಡು ಅರ್ಧಗಳು ಕೂಡಿದಾಗ ಒಂದನ್ನೊಂದು ಒತ್ತಿ ಬಿಗಿಯಾಗಲೆಂದೇ ಬಿಟ್ಟಿದ್ದ ಹೆಚ್ಚುವರಿ ಅದು. ಅದನ್ನು ಕೊಯ್ದರೆ ಕೂಡುವ ಜಾಗದಲ್ಲಿ ಸಂದು ಉಳಿದು, ಕೆಲವೇ ವಾರಗಳಲ್ಲಿ ಆಯಿಲ್ ದಾರಿ ಕಂಡುಕೊಳ್ಳುತ್ತದೆ. ನಿಮ್ಮ ಎರಡು ಸೀಲುಗಳಿಗೆ ಏನಾಗಿತ್ತೆಂದು ಆ ಕೆಲಸ ಮಾಡಿದವರನ್ನು ಈ ಒಂದು ಪ್ರಶ್ನೆ ಕೇಳಿ ತಿಳಿಯಬಹುದು.

ಸೀಲ್ ತೆಗೆದಾಗ ಶಾಫ್ಟಿನ ಮೈಯನ್ನು ಉಗುರಿನಿಂದ ಸವರಿ ಗೀರು ಸಿಗುತ್ತದೆಯೇ ನೋಡಬೇಕು, ಮೇನ್ ಬೇರಿಂಗಿನ ಆಟವನ್ನು ಡಯಲ್ ಗೇಜಿನಿಂದ ಅಳೆಯಬೇಕು. ಬಿಸಿ ಇಂಜಿನ್ ನಿಧಾನ ಓಟದಲ್ಲಿರುವಾಗ ಆಯಿಲ್ ಗೇಜಿನ ಮುಳ್ಳು ತೀರಾ ಕೆಳಗಿಳಿಯುತ್ತಿದ್ದರೆ ಬೇರಿಂಗುಗಳು ಸವೆದಿರುವ ಸಂಭವ ಹೆಚ್ಚು. ಶಾಫ್ಟೇ ಮೇಲೆ ಕೆಳಗೆ ಆಡುತ್ತಿದ್ದರೆ ಹಗ್ಗ ಅದನ್ನು ಎಷ್ಟು ದಿನ ತಡೆದೀತು?

ಗಾಡಿಯನ್ನು ಎರಡು ಭಾಗ ಮಾಡುವಾಗಿನ ಅಪಾಯವನ್ನು ಹೇಳದೆ ಮುಂದೆ ಹೋಗಲಾರೆ. ಲಾರಿಯಂತೆ ಈ ಟ್ರ್ಯಾಕ್ಟರುಗಳಿಗೆ ಬೇರೆ ಚಾಸಿ ಇಲ್ಲ. ಇಂಜಿನ್ನೂ ಗೇರ್‌ಬಾಕ್ಸೂ ಒಂದಕ್ಕೊಂದು ಬೋಲ್ಟ್ ಆಗಿರುವುದೇ ಅದರ ಬೆನ್ನೆಲುಬು. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುವುದರಿಂದ, ಹಿಂಭಾಗದಿಂದ ಬೇರೆಯಾದ ಕ್ಷಣ ಇಂಜಿನ್ ಎಡಕ್ಕೋ ಬಲಕ್ಕೋ ವಾಲಿ ಮಗುಚಬಹುದು. ಬೋಲ್ಟ್ ಸಡಿಲಿಸುವ ಮೊದಲು ಆಕ್ಸಲ್ಲಿಗೂ ಅದರ ಮೇಲಿನ ಎರಕದ ಕಬ್ಬಿಣದ ಭಾಗಕ್ಕೂ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೆದು, ಎರಡೂ ಭಾಗಗಳ ಕೆಳಗೆ ಸ್ಟ್ಯಾಂಡ್ ಕೊಟ್ಟಿರಬೇಕು. ಬರಿಯ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ನುಸುಳುವುದು ಬೇಡವೇ ಬೇಡ. ಅಂಗಳದ ಮಣ್ಣಿನ ನೆಲದಲ್ಲಿ ಈ ಕೆಲಸ ಮಾಡಲು ಬರುತ್ತೇನೆನ್ನುವವರನ್ನು ಒಪ್ಪಬೇಡಿ, ಕಾಂಕ್ರೀಟ್ ನೆಲವಿರುವ ಗ್ಯಾರೇಜಿಗೇ ಒಯ್ಯಿರಿ. ಹೇಗೂ ಬಿಚ್ಚಿದ್ದೀರೆಂದಾದರೆ ಕ್ಲಚ್ ಪ್ಲೇಟನ್ನೂ ನೋಡಿ. ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದರೆ ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಬರುತ್ತದೆ. ಅದನ್ನು ಬದಲಿಸುವುದೇ ಸರಿ.

ಕೆಲಸ ಮುಗಿಯುವವರೆಗೆ ತೂತಿನ ಕೆಳಗೆ ತಂತಿಯಿಂದ ಒಂದು ಡಬ್ಬಿ ಕಟ್ಟಿಕೊಂಡು ಓಡಾಡಿ. ಗೇಟಿನವರಿಗೂ ಸಮಾಧಾನ, ದಿನಕ್ಕೆ ಎಷ್ಟು ಸೋರಿತೆಂಬ ಲೆಕ್ಕವೂ ಸಿಗುತ್ತದೆ. ಅರ್ಧ ಲೀಟರ್ ಹಾಕಿದ ಎರಡು ದಿನದಲ್ಲಿ ಡಬ್ಬಿಗೆ ಕಾಲು ಲೀಟರಷ್ಟೇ ಬಿದ್ದಿದ್ದರೆ ಉಳಿದದ್ದು ಇಂಜಿನ್ನಿನೊಳಗೆ ಉರಿಯುತ್ತಿದೆ ಅಥವಾ ಬ್ರೀದರಿನಿಂದ ಹೋಗುತ್ತಿದೆ ಎಂದು ಅದೇ ತಿಳಿಸುತ್ತದೆ.

ಪ್ರಶ್ನೆ: ನಮ್ಮದು ಹಳೆಯ ಎಚ್‌ಎಂಟಿ ಟ್ರ್ಯಾಕ್ಟರ್. ಮುಂದಿನ ಪುಲ್ಲಿಯ ಹಿಂದೆ ಆಯಿಲ್ ಒಸರುತ್ತದೆ. ಕಂಪನಿಯೇ ಇಲ್ಲದ ಮೇಲೆ ಸೀಲ್ ಎಲ್ಲಿ ಸಿಕ್ಕೀತು?
— ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಬೆಂಗಳೂರಿನವರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ. ಆದರೆ ಅದೇ ಸಂಸ್ಥೆ 1971ರಲ್ಲಿ ಚೆಕೊಸ್ಲೊವಾಕಿಯದ ಝೀಟರ್ ತಂತ್ರಜ್ಞಾನದೊಂದಿಗೆ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸಲು ತೊಡಗಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಹೀಗಿದ್ದರೂ ಸೀಲಿನ ವಿಷಯದಲ್ಲಿ ನೀವು ಚಿಂತಿಸಬೇಕಾಗಿಲ್ಲ. ಆಯಿಲ್ ಸೀಲ್ ಕೊಳ್ಳುವುದು ಟ್ರ್ಯಾಕ್ಟರಿನ ಹೆಸರಿನಿಂದಲ್ಲ, ಅಳತೆಯಿಂದ. ಹಳೆಯ ಸೀಲಿನ ಮುಖದ ಮೇಲೆ ಮೂರು ಸಂಖ್ಯೆಗಳು ಒತ್ತಿರುತ್ತವೆ. ಉದಾಹರಣೆಗೆ 50, 70, 10 ಎಂದಿದ್ದರೆ ಶಾಫ್ಟಿನ ವ್ಯಾಸ 50 ಮಿ.ಮೀ., ಸೀಲ್ ಕೂರುವ ತೂತಿನ ವ್ಯಾಸ 70, ದಪ್ಪ 10. ಅಕ್ಷರ ಅಳಿಸಿಹೋಗಿದ್ದರೆ ವರ್ನಿಯರಿನಿಂದ ಶಾಫ್ಟನ್ನೂ ತೂತನ್ನೂ ಅಳೆಯಿಸಿಕೊಳ್ಳಿ, ಹಳೆಯ ಸೀಲನ್ನಲ್ಲ, ಏಕೆಂದರೆ ಅದು ಸವೆದು ಹಿಗ್ಗಿರುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಮತ್ತು ಎಸ್.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಗಳಲ್ಲಿ ಅಳತೆ ಹೇಳಿದರೆ ಹುಡುಕಿ ಕೊಡುತ್ತಾರೆ.

ಹೊಸ ಸೀಲ್ ಹಾಕುವ ಮೊದಲು ಪುಲ್ಲಿಯ ಕೊರಳನ್ನು ನೋಡಿ. ವರ್ಷಗಟ್ಟಲೆ ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಂಥ ಕಾಲುವೆ ಬಿದ್ದಿದ್ದರೆ, ಹೊಸ ಸೀಲ್ ಅದೇ ಕಾಲುವೆಯಲ್ಲಿ ಕೂತು ಮತ್ತೆ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಎರಡು ಮಿ.ಮೀ. ಒಳಗೋ ಹೊರಗೋ ಸರಿಸಿ ತುಟಿ ಹೊಸ ಮೈಯ ಮೇಲೆ ಓಡುವಂತೆ ಮಾಡಬಹುದು. ಜಾಗವಿಲ್ಲದಿದ್ದರೆ ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಕೊರಳನ್ನು ಸವರಿ ತೆಳುವಾದ ಉಕ್ಕಿನ ಸ್ಲೀವ್ ಹೊಡೆಸಿ. ಸ್ಪ್ರಿಂಗ್ ಕಾಣುವ ಕಡೆ ಆಯಿಲಿನತ್ತ ಇರಬೇಕು, ತುಟಿಗೆ ಆಯಿಲ್ ಸವರಿಯೇ ಕೂರಿಸಬೇಕು. ಒಣಗಿದ ತುಟಿ ಮೊದಲ ಕೆಲವು ಸುತ್ತಿನಲ್ಲೇ ಸುಟ್ಟುಹೋಗುತ್ತದೆ.

ಪ್ರಶ್ನೆ: ಇಂಜಿನ್ ಆಯಿಲಿಗೆ ಬೆರೆಸಿದರೆ ಸೋರಿಕೆ ನಿಲ್ಲುತ್ತದೆ ಎಂದು ಒಂದು ದ್ರವವನ್ನು ಮಾರುತ್ತಾರೆ. ಹಾಕಬಹುದೇ?
— ಓದುಗರೊಬ್ಬರು, ಆನೇಕಲ್

ಉತ್ತರ: ಅಂಥ ದ್ರವಗಳು ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತವೆ. ರಬ್ಬರ್ ಸೀಲಿನಲ್ಲಿ ಸಣ್ಣದಾಗಿ ಒಸರುತ್ತಿದ್ದರೆ ಒಂದು ಸುಗ್ಗಿ ದಾಟಿಸಬಹುದು. ಕಾರ್ಕ್ ಪ್ಯಾಕಿಂಗಿಗೆ, ಹಗ್ಗದ ಸೀಲಿಗೆ, ಬಿರುಕು ಬಿಟ್ಟ ರಬ್ಬರಿಗೆ ಅದು ಏನೂ ಮಾಡಲಾರದು. ನಾನಂತೂ ಹಾಕುವುದಿಲ್ಲ.

ಪ್ರಶ್ನೆ: ಆಯಿಲ್ ಪೈಪಿನ ಬೋಲ್ಟಿನ ಬುಡದಲ್ಲಿ ಒಸರುತ್ತಿದೆ. ತಾಮ್ರದ ವಾಷರ್ ಹೊಸದು ಸಿಗಲಿಲ್ಲ. ಹಳೆಯದನ್ನೇ ಹಾಕಬಹುದೇ?
— ಓದುಗರೊಬ್ಬರು, ಮಾಗಡಿ

ಉತ್ತರ: ಹಾಕಬಹುದು. ಒಮ್ಮೆ ಬಿಗಿದ ತಾಮ್ರ ಗಡುಸಾಗಿರುತ್ತದೆ. ಅದನ್ನು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನಂತೆ ತಾಮ್ರ ನೀರಿನಲ್ಲಿ ಗಡುಸಾಗುವುದಿಲ್ಲ. ಎರಡೂ ಮುಖವನ್ನು ಗಾಜಿನ ಮೇಲಿಟ್ಟ ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ನುಣುಪು ಮಾಡಿ ಕೂರಿಸಿ.

ಪ್ರಶ್ನೆ: ನಮ್ಮ ಟ್ರ್ಯಾಕ್ಟರಿನಲ್ಲಿ ಎರಡು ತಿಂಗಳಿನಿಂದ ಆಯಿಲ್ ಸೋರುತ್ತಿದೆ, ಆದರೆ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಕಡಿಮೆಯಾಗಿಲ್ಲ, ಸ್ವಲ್ಪ ಏರಿದಂತೆಯೇ ಕಾಣುತ್ತದೆ. ಹಾಗಾದರೆ ಸೋರಿಕೆ ಲೆಕ್ಕಕ್ಕಿಲ್ಲವೇ?
— ಓದುಗರೊಬ್ಬರು, ಹೊಸಕೋಟೆ

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮದು. ಸೋರಿಯೂ ಮಟ್ಟ ಏರಿದೆ ಎಂದರೆ ಒಳಗೆ ಬೇರೇನೋ ಸೇರುತ್ತಿದೆ. ಡಿಪ್‌ಸ್ಟಿಕ್ಕಿನ ಒಂದು ಹನಿಯನ್ನು ಬಿಳಿಯ ಹಾಳೆಯ ಮೇಲೆ ಬಿಟ್ಟು ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಸೇರಿರುವುದು ನೀರು: ಹೆಡ್ ಗ್ಯಾಸ್ಕೆಟ್ಟಿನದೋ, ನೀರಿಗೆ ತಾಗಿ ನಿಲ್ಲುವ ಲೈನರಾಗಿದ್ದರೆ ಅದರ ಬುಡದ ರಬ್ಬರ್ ಉಂಗುರದ್ದೋ ದೋಷ. ಕಪ್ಪಾಗಿಯೇ ಇದ್ದು, ಬೆರಳ ನಡುವೆ ಜಿಗುಟಿಲ್ಲದೆ, ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಡಯಾಫ್ರಾಮ್ ಹರಿದಿರಬಹುದು, ಇಲ್ಲವೇ ಇಂಜೆಕ್ಷನ್ ಪಂಪಿನ ಸೀಲ್ ಹೋಗಿರಬಹುದು. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ, ನಿಮಗೆ ಕಾಣುವ ಸೋರಿಕೆಗೂ ಅದೇ ಕಾರಣವಿರಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಡೀಸೆಲ್ ಬೆರೆತ ಆಯಿಲ್ ಉಸಿರಿನ ದಾರಿಯಲ್ಲಿ ಸಿಲಿಂಡರಿಗೆ ನುಗ್ಗಿದರೆ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ವೇಗ ಏರಿಸುತ್ತಾ ಹೋಗುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ.

ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ. ಡೀಸೆಲ್ ಕಾಕ್ ಮುಚ್ಚಿ, ಫೀಡ್ ಪಂಪನ್ನು ಬಿಚ್ಚಿ ಡಯಾಫ್ರಾಮ್ ನೋಡಿ. ಅದು ಸರಿಯಿದ್ದರೆ ಇಂಜೆಕ್ಷನ್ ಪಂಪನ್ನು ಪರೀಕ್ಷಾ ಬೆಂಚ್ ಇರುವ ಪಂಪ್ ರಿಪೇರಿಯವರಿಗೆ ಕೊಡಿ. ದೋಷ ಸರಿಪಡಿಸಿದ ಮೇಲೆ ಆಯಿಲನ್ನೂ ಫಿಲ್ಟರನ್ನೂ ಎರಡನ್ನೂ ಬದಲಿಸಬೇಕು. ತೆಗೆದ ಆಯಿಲನ್ನು ಹೊಲದ ಬದುವಿಗೋ ಹಳೆಯ ಬಾವಿಗೋ ಸುರಿಯದೆ, ಡ್ರಮ್ಮಿನಲ್ಲಿ ತುಂಬಿಟ್ಟು ಪರವಾನಗಿ ಇರುವ ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.